ಚಲುವೇಗೌಡರ ಮೋಟಾರಿನ ಎಡಗಾಲು

ಮುದ್ದಯ್ಯ ಎಡಗಾಲಿನಿಂದ ಕ್ಲಚ್ಚನ್ನು ತುಳಿದ. ಕ್ಲಚ್ಚು ಕೆಳಗೆ ಹೋಗಲಿಲ್ಲ, ಮುದ್ದಯ್ಯನೇ ಸೀಟಿನಿಂದ ಮೇಲೆದ್ದ. ಇನ್ನೊಮ್ಮೆ ತುಳಿದ. ತಲೆಯ ಮೇಲಿದ್ದ ಖಾಕಿ ಟೋಪಿ ಮೋಟಾರಿನ ಚಾವಣಿಗೆ ತಾಗಿ ಮೂಗಿನ ಮೇಲಕ್ಕೆ ಇಳಿಯಿತೇ ಹೊರತು ಕ್ಲಚ್ಚು ಇಳಿಯಲಿಲ್ಲ. ಮೂರನೆಯ ಸಲ ಎರಡು ಕೈಯಲ್ಲೂ ಸ್ಟೇರಿಂಗನ್ನು ಅಪ್ಪಿ ಹಿಡಿದು, ಹಲ್ಲು ಕಚ್ಚಿ, ಮನೆದೇವರನ್ನು ನೆನೆದು ತುಳಿದಾಗ ಅದು ಒಂದಿಷ್ಟು ಇಳಿದ ಹಾಗೆ ಮಾಡಿ, ಹಾಲು ಕೊಡಲೊಲ್ಲದ ಎಮ್ಮೆಯಂತೆ ಅವನ ಕಾಲನ್ನು ಹಿಂದಕ್ಕೆ ಒದೆಯಿತು.

ನಾಲೆಯಲ್ಲಿ ನೀರು ಬಂದು, ಹಿರೋಡೆ ಸುತ್ತಿನ ಗೌಡರ ಮನೆಗಳಲ್ಲಿ ಕಬ್ಬಿನಿಂದ ಕೈಯಲ್ಲಿ ದುಡ್ಡು ಆಡತೊಡಗಿದ್ದ ಕಾಲ ಅದು. ಹಿರೋಡೆ ಎಂದರೆ ಈಗ ಪಾಂಡವಪುರ ಅನ್ನುತ್ತೇವಲ್ಲ, ಅದೇ. ಅಲ್ಲಿಗೆ ಹತ್ತಿರದ ಹಳ್ಳಿಯ ಚಲುವೇಗೌಡರು ಮೈಸೂರಿನಿಂದ ಒಂದು ಹಳೆಯ ಮೋಟಾರನ್ನು ಕೊಂಡು ತಂದು ಹುಲ್ಲಿನ ಮೆದೆಯ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಅದನ್ನು ಓಡಿಸುವವನೇ ಮುದ್ದಯ್ಯ. ಅದಕ್ಕೆ ಮೊದಲು ಅವನು ಅದೇ ಮನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ. ಗೌಡರೇ ಅವನನ್ನು ಮೈಸೂರಿಗೆ ಕಳಿಸಿ ಮೋಟಾರು ಬಿಡುವುದನ್ನು ಕಲಿಸಿದ್ದರು. ಹೋಗುವಾಗ 'ಮುದ್ದ' ಆಗಿದ್ದವನು ಬರುವಾಗ ಖಾಕಿ ಕೋಟು, ಖಾಕಿ ಟೋಪಿ ಹಾಕಿಕೊಂಡು 'ಡ್ರೈವರ್ ಮುದ್ದಯ್ಯ' ಆಗಿ ಬಂದ. ಬಾವಿಯ ಹತ್ತಿರ ಅವನ ಹೆಂಡತಿ ಬೆಟ್ಟಮ್ಮನನ್ನು ಕಂಡರೆ ಹೆಂಗಸರು, 'ನೀ ಮೊದ್ಲು ಸೇದ್ಕೊ ಕಣವ್ವ' ಎಂದು ಹಗ್ಗ ಬಿಟ್ಟುಕೊಡತೊಡಗಿದರು. ಒಂದು ಟೋಪಿಯಿಂದ ಇಷ್ಟೆಲ್ಲ ಆಗುವುದಾದರೆ ಅದನ್ನು ಯಾರು ತಾನೆ ತಲೆಯಿಂದ ತೆಗೆದಾರು? ಮುದ್ದಯ್ಯ ಉಣ್ಣುವಾಗಲೂ ತೆಗೆಯುತ್ತಿರಲಿಲ್ಲ.

ಹಳೆಯ ಕ್ಲಚ್ಚು ಸುಟ್ಟುಹೋದ ಕತೆಯನ್ನೂ ಇಲ್ಲೇ ಹೇಳಿಬಿಡಬೇಕು. ಹಿಂದಿನ ತಿಂಗಳು ತೊಣ್ಣೂರಿನ ಬೀಗರ ಮನೆಗೆ ಹೋಗುವಾಗ, ಕೆರೆ ಏರಿಯ ಹತ್ತಿರ ಗೌಡರು, 'ಸರ್ಕೋ ಅತ್ತಾಗೆ, ನಾನೂ ಒಂದ್ ಕೈ ನೋಡ್ತೀನಿ' ಎಂದು ಮುದ್ದಯ್ಯನನ್ನು ಪಕ್ಕಕ್ಕೆ ತಳ್ಳಿ ತಾವೇ ಕೂತರು. ಕ್ಲಚ್ಚಿನ ಮೇಲಿಟ್ಟ ಕಾಲನ್ನು ಏರಿ ಹತ್ತಿ ಮುಗಿಯುವ ತನಕ ತೆಗೆಯಲಿಲ್ಲ. ಮೋಟಾರು ನರಳಿತು, ಹೊಗೆಯಾಡಿತು, ಎತ್ತಿನ ಕೊಂಬು ಸುಟ್ಟ ವಾಸನೆ ಬಿಟ್ಟು ನಿಂತೇಹೋಯಿತು. ಬೀಗರೇ ತಮ್ಮ ಎತ್ತುಗಳನ್ನು ಕಟ್ಟಿಸಿ ಅದನ್ನು ಎಳೆಸಿಕೊಂಡು ಹೋದರು. ಗೌಡರು ಅಲ್ಲಿದ್ದವರಿಗೆಲ್ಲ, 'ಈ ಮುದ್ದ ಸುಟ್ಬುಟ್ಟ ಕಣ್ರಪ್ಪ' ಎಂದರು. ಮುದ್ದಯ್ಯ ಟೋಪಿಯನ್ನು ಸರಿಮಾಡಿಕೊಂಡ.

ಆಮೇಲೆ ಮೈಸೂರಿನಿಂದ ಮಿಸ್ತ್ರಿ ಬಂದ. ಕಾಲೊಂದೊಂದೂ ಕಲ್ಲುಗಂಬದಂತಿದ್ದ ಆಳು. ಹೊಸ ಕ್ಲಚ್ಚು ಕೂರಿಸಿ, ಹಿಂದಿನ ದಿನವಷ್ಟೇ ಕೆಲಸ ಮುಗಿಸಿ, ಒಮ್ಮೆ ತುಳಿದು ನೋಡಿ, 'ಹೊಸ್ದು, ವಸಿ ಬಿಗಿ ಇರ್ತದೆ. ಓಡ್ತಾ ಓಡ್ತಾ ಸರಿಹೋಯ್ತದೆ' ಎಂದ. ಕಾಲ ಕೆಳಗಿನ ಹಲಗೆಗಳನ್ನು ತೋರಿಸಿ, 'ಇದಕ್ಕೆ ಯಾರಾರ ಕೈ ಹಚ್ಚಿದ್ರೆ ಆಮೇಲೆ ನನ್ನ ಕೇಳ್ಬ್ಯಾಡಿ' ಎಂದು ಎಚ್ಚರ ಹೇಳಿ ಸಂಜೆಯ ರೈಲಿಗೆ ಹೊರಟುಹೋದ. 'ವಸಿ ಬಿಗಿ' ಎಂದರೆ ಇದೇ ಏನು ಎಂದು ಮುದ್ದಯ್ಯ ಈಗ ಮೂಗಿನ ಮೇಲಿನ ಟೋಪಿಯನ್ನು ಎತ್ತಿಕೊಳ್ಳುತ್ತಾ ಯೋಚಿಸಿದ.

ಆ ಹೊತ್ತಿಗೆ ಚಲುವೇಗೌಡರು ಕುಂಟುತ್ತಾ ಜಗಲಿಗೆ ಬಂದರು. ಹಿಂದೆಯೇ ಅವರ ತಾಯಿ ಚಿಕ್ಕಬೋರಮ್ಮ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಂದರು. ಗೌಡರು ಎಡಗಾಲು ಚಾಚಿ ಕೂತರು, ಮುದುಕಿ ಮಂಡಿಗೆ ಎಣ್ಣೆ ತಿಕ್ಕತೊಡಗಿದರು.

"ಕಾಲ್ಗೇನಾಯ್ತು ಬುದ್ದಿ?" ಎಂದ ಮುದ್ದಯ್ಯ.

"ಬೆಳಗಿನ ಜಾವ ಗದ್ದೆ ಬದಿನ ಮೇಲೆ ಜಾರ್ದೆ. ನಂದಿರ್ಲಿ, ನೀನ್ಯಾಕ್ಲಾ ಮೋಟ್ರು ಒಳಗೆ ಎದ್ದು ಎದ್ದು ಕೂರ್ತಿದ್ದೀಯೆ?"

"ಕ್ಲಚ್ಚು ಬಿಗಿಯಾಗ್ಬುಟ್ಟದೆ ಬುದ್ದಿ. ಬಂಡೆ ತುಳ್ದಂಗಾಯ್ತದೆ."

ಗೌಡರು ಇದಕ್ಕೆ ಆಶ್ಚರ್ಯವನ್ನೇನೂ ಪಡಲಿಲ್ಲ. "ಸಂಜೆ ತೊಣ್ಣೂರಲ್ಲಿ ಬೀಗ್ರ ಮನೆ ಊಟ ಅದೆ, ಗೆಪ್ತಿ ಅದಾ? ಓದ್ ಸಲ ಅವರೆತ್ತು ನಮ್ ಮೋಟ್ರು ಎಳ್ದಿದ್ದನ್ನ ಅವ್ರು ಸಂತೇಲಿ ಏಳ್ಕೊಂಡು ನಗಾಡ್ತಾವ್ರೆ. ಈ ಸಲ ಅದು ತಾನೇ ಓಗಿ ಅವ್ರ ಜಗಲಿ ಮುಂದೆ ನಿಂತ್ಕೋಬೇಕು. ಬಿಸ್ಲು ಇಳಿಯೋದ್ರೊಳಗೆ ಕ್ಲಚ್ಚು ಮೆತ್ತಗೆ ಮಾಡು. ಆಗಲಿಲ್ಲ ಅಂದ್ರೆ ಮೋಟ್ರು ಮಾರ್ಬುಡ್ತೀನಿ. ನೀನು ಆ ಟೋಪಿ ಗೂಟಕ್ಕೆ ತಗಲಾಕ್ಬುಟ್ಟು ಬಾರುಕೋಲು ಇಡ್ಕೊ."

ಮುದ್ದಯ್ಯನ ಕೈ ತಾನಾಗಿ ಟೋಪಿಯ ಮೇಲೆ ಹೋಯಿತು. ಮೋಟಾರು ಹೋದರೆ ಮತ್ತೆ ಎತ್ತಿನ ಬಾಲ. ಬಾವಿಯ ಹತ್ತಿರ ಬೆಟ್ಟಮ್ಮ ಮತ್ತೆ ಎಲ್ಲರ ಹಿಂದೆ.

"ಮುದ್ದ, ಇತ್ತಾಗ್ ಬಾರ್ಲಾ, ಒಂದ್ ಮಾತದೆ," ಎಂದರು ಚಿಕ್ಕಬೋರಮ್ಮ, ಮಗನ ಕಡೆ ಒಂದು ಕಣ್ಣಿಟ್ಟುಕೊಂಡು.

"ಅವ್ವ, ಮೋಟ್ರು ಇಚಾರ ನಿಂಗೇನ್ ಗೊತ್ತು? ಅವನ ತಲೆ ತಿನ್ಬೇಡ, ಒಳೀಕ್ ನಡಿ," ಎಂದರು ಗೌಡರು.

"ಆಮೇಲೆ ಬತ್ತೀನಿ ದೊಡ್ಡವ್ವಾರೆ," ಎಂದು ಮುದ್ದಯ್ಯ ಮತ್ತೆ ಕ್ಲಚ್ಚಿನ ಕಡೆ ತಿರುಗಿದ.

ಇಷ್ಟನ್ನೂ ಗೋಡೆಯ ಆಚೆ ನಿಂತು ಕೇಳಿಸಿಕೊಂಡವಳು ಪಕ್ಕದ ಮನೆಯ ಮುತ್ತಮ್ಮ. ಅವಳು ಬೆರಣಿ ಒಟ್ಟುತ್ತಿದ್ದಳು. ಮುತ್ತಮ್ಮನ ಬೆರಣಿಯ ಗೂಡೆಂದರೆ ಆ ಕೇರಿಗೇ ಹೆಸರಾದದ್ದು. ಸುತ್ತಲೂ ಸಗಣಿ ಸಾರಿಸಿ, ಮಳೆ ಹನಿ ಒಳಗೆ ಹೋಗದ ಹಾಗೆ ಗುಡಿಯ ಗೋಪುರದಂತೆ ಕಟ್ಟುತ್ತಿದ್ದಳು. ಕೈಯಲ್ಲಿದ್ದ ಬೆರಣಿಯನ್ನು ಗೂಡಿನ ತುದಿಗೆ ಇಟ್ಟು, "ಎಡಗಾಲು ಸೆಟ್ಕೊಂಡದೆ ಅಂದ್ರೆ ಎತ್ತಾದ್ರೇನು, ಮೋಟ್ರಾದ್ರೇನು, ತೋರ್ಸಾಕೆ ನಮ್ ಬೀರಯ್ಯ ಇಲ್ವಾ?" ಎಂದಳು. ಮುದ್ದಯ್ಯ ಬೇಡ ಅನ್ನುವಷ್ಟರಲ್ಲಿ ಅವಳ ಕೂಗು ಕೇರಿಯ ಕೊನೆಯ ಮನೆಯನ್ನು ತಲುಪಿಯಾಗಿತ್ತು.

ಬೀರಯ್ಯ ಸುತ್ತಿನ ದನಗಳಿಗೆಲ್ಲ ಮದ್ದು ಮಾಡುವವನು. ಬಂದವನು ಅವಸರ ಮಾಡಲಿಲ್ಲ. ಮೋಟಾರನ್ನು ಒಂದು ಸುತ್ತು ಬಂದ. ಮುಂಭಾಗವನ್ನು ತಟ್ಟಿದ, ಚಕ್ರದ ಸಂದಿಗೆ ಕೈ ಹಾಕಿ ನೋಡಿದ, ಹಿಂದಕ್ಕೆ ನಿಂತು ಎತ್ತರ ಅಂದಾಜು ಮಾಡಿದ.

"ನೀರು ಕುಡೀತದಾ?"

"ಕುಡೀತದೆ ಕಣಣ್ಣ, ಬೆಳಿಗ್ಗೆ ಒಂದು ಕೊಡ."

"ಬುಡ್ತದಾ?"

"ಕೆಳಗೆ ವಸಿ ಸೋರ್ತದೆ."

"ಅಂಗಾರೆ ಒಟ್ಟೆ ಒಳಗೆ ಏನೂ ಇಲ್ಲ ಬುಡು. ವಾಯು ಕಾಲಿಗೆ ಇಳ್ದದೆ. ಎಷ್ಟು ದಿನ ಕಟ್ಟಾಕಿದ್ರಿ?"

"ಮಿಸ್ತ್ರಿ ಬರೋಗಂಟ ತಿಂಗ್ಳೊಪ್ಪತ್ತು ನಿಂತಲ್ಲೇ ಇತ್ತು."

"ನೋಡಿದ್ರಾ?" ಎಂದು ಬೀರಯ್ಯ ನೆರೆದವರ ಕಡೆ ತಿರುಗಿದ. "ದುಡಿಯೋ ಜೀವಾನ ತಿಂಗಳುಗಟ್ಲೆ ನಿಲ್ಲಿಸಿದ್ರೆ ಕಾಲು ಸೆಟೀದೆ ಇನ್ನೇನಾದದು? ಮುತ್ತಕ್ಕ, ಅರಳೆಣ್ಣೆ ಕಾಯ್ಸು."

ಇದು ಎತ್ತಲ್ಲ, ಕಬ್ಬಿಣ ಎಂದು ಮುದ್ದಯ್ಯನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಸುತ್ತ ನಿಂತವರೆಲ್ಲ ಒಟ್ಟಾಗಿ ತಲೆಯಾಡಿಸುವಾಗ ಒಬ್ಬನೇ ಅಲ್ಲ ಅನ್ನುವುದು ಹೇಗೆ? ಎಣ್ಣೆ ಹಾಕಿದರೆ ಕಬ್ಬಿಣಕ್ಕೂ ಒಳ್ಳೆಯದೇ ಅಲ್ಲವೇ? ಹಾಗೆಂದುಕೊಂಡು ಸುಮ್ಮನಾದ. ಬೀರಯ್ಯ ಬಿಸಿ ಹರಳೆಣ್ಣೆಯನ್ನು ಕ್ಲಚ್ಚಿನ ನೆತ್ತಿಯಿಂದ ಬುಡದ ತನಕ ನೀವಿ ನೀವಿ ಹಚ್ಚಿದ. ಬಿಸಿ ತೌಡಿನ ಗಂಟಿನಿಂದ ಶಾಖ ಕೊಟ್ಟ. "ಈಗ ತುಳಿಯಪ್ಪಾ, ಮೆತ್ತಗೆ," ಎಂದ.

ಮುದ್ದಯ್ಯ ತುಳಿದ. ಕಾಲು ಎಣ್ಣೆಯ ಮೇಲೆ ಸರ್‍ರನೆ ಜಾರಿತು. ಗದ್ದ ಸ್ಟೇರಿಂಗಿಗೆ ಬಡಿಯಿತು, ಮೊಣಕೈ ಹಾರನ್ನಿನ ಬುರುಡೆಯ ಮೇಲೆ ಬಿತ್ತು, ಮೋಟಾರು 'ಪೋಂ' ಎಂದು ಕೂಗಿತು.

"ಕೇಳಿದ್ರಾ," ಎಂದ ಬೀರಯ್ಯ ತೃಪ್ತಿಯಿಂದ, "ನೋವು ಬುಡ್ತಾ ಅದೆ."

ಚಿಕ್ಕಬೋರಮ್ಮ ಹಿತ್ತಲ ಕಡೆಯಿಂದ ಮತ್ತೆ ಬಂದರು. "ಮುದ್ದ, ವಸಿ ಇಲ್ ಬಾ ಮಗ. ಆ ಕಾಲು ಯಾಕಂಗಾಗದೆ ಅಂದ್ರೆ..."

"ಅವ್ವಾರೆ, ಮದ್ದು ಇಡೀತಾ ಅದೆ, ಈಗ ಎಬ್ಬಿಸ್ಬಾರ್ದು," ಎಂದು ಬೀರಯ್ಯ ಕೈ ಅಡ್ಡ ಹಿಡಿದ. ಮುದುಕಿ ಅವನನ್ನು ಒಮ್ಮೆ, ಜಗಲಿಯ ಮೇಲಿನ ಮಗನನ್ನು ಒಮ್ಮೆ ನೋಡಿ, ಸೆರಗು ಹೊದ್ದು ಹೊರಟುಹೋದರು.

ಅಷ್ಟರಲ್ಲಿ ಕುಲುಮೆಯ ಕರಿಯಯ್ಯ ಬಂದ. ಅವನು ಬರುವುದು ಬೀರಯ್ಯನಿಗೆ ಎಂದೂ ಇಷ್ಟವಿಲ್ಲ. ಬೀರಯ್ಯ ಇರುವುದು ಕರಿಯಯ್ಯನಿಗೂ ಇಷ್ಟವಿಲ್ಲ.

"ಕಬ್ಬಣಕ್ಕೆ ತೌಡಿನ್ ಶಾಕ ಕೊಟ್ಟೋನ್ನ ಇವತ್ತು ಕಂಡೆ," ಎಂದ ಕರಿಯಯ್ಯ. "ನಾಳೆ ನಮ್ ಕುಲುಮೆಗೂ ಬಂದ್ಬುಡು ಕಣಣ್ಣ. ಸುತ್ತಿಗೆಗೆ ಶೀತ ಆಗದೆ."

"ನೀನ್ ಮಾಡ್ಲಾ ಮತ್ತೆ, ನೋಡೋವಾ."

"ಮಾಡ್ದೆ ಇನ್ನೇನು. ಬಂಡೆ ಅಲ್ಲಾಡಿಸೋದು ಎಂಗೆ? ಮೀಟೋಲು ಆಕಿ. ಬಿಗಿ ಇದ್ರೆ ಮೀಟ್ಬೇಕು, ನೀವೋದಲ್ಲ. ಮುತ್ತಕ್ಕ, ನಿನ್ ಒನಕೆ ಕೊಡು."

"ನಮ್ಮತ್ತೆ ಕಾಲದ್ದು. ಉಸಾರು ಕಣಪ್ಪ," ಎಂದು ಮುತ್ತಮ್ಮ ಒನಕೆ ತಂದುಕೊಟ್ಟಳು.

ಕರಿಯಯ್ಯ ಮೋಟಾರಿನ ಒಳಗೆ ಕಾಲು ಮಡಚಿ ಕೂತು, ಒನಕೆಯ ಒಂದು ತುದಿಯನ್ನು ಕ್ಲಚ್ಚಿಗೆ ಆನಿಸಿ ಇನ್ನೊಂದನ್ನು ಹೆಗಲಿಗೆ ಕೊಟ್ಟು ಒತ್ತಿದ. ಕಿರ್‍ ಎನ್ನುತ್ತಾ ಕ್ಲಚ್ಚು ಕೆಳಗಿಳಿಯಿತು. ನೆರೆದವರೆಲ್ಲ 'ಭಲೆ' ಎಂದರು. ಮುದ್ದಯ್ಯನಿಗೆ ಹೋದ ಜೀವ ಬಂತು. ಒನಕೆ ಹಿಡಿದ ಕರಿಯಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೊಣ್ಣೂರಿಗೆ ಹೋದರಾಯಿತು, ಯಾರು ಬೇಡ ಅನ್ನುತ್ತಾರೆ? ಓಡಿಹೋಗಿ ಮುಂದಿನಿಂದ ಹ್ಯಾಂಡಲು ತಿರುಗಿಸಿದ. ಮೋಟಾರು ಕೆಮ್ಮಿ, ಮೈ ಕೊಡವಿ, ದಡದಡ ಎಂದು ಶುರುವಾಯಿತು. ಬಂದು ಕೂತು ಗೇರು ಹಾಕಿದ.

"ಈಗ ನಿಧಾನಕ್ಕೆ ಬುಡು ಕರಿಯಣ್ಣ. ನಿಧಾನಕ್ಕೆ."

ಕರಿಯಯ್ಯ ನಿಧಾನಕ್ಕೇ ಬಿಡುತ್ತಿದ್ದ. ಆದರೆ ಬೀರಯ್ಯನ ಹರಳೆಣ್ಣೆ ಕ್ಲಚ್ಚಿನ ನೆತ್ತಿಯ ಮೇಲೆ ಇನ್ನೂ ಹಾಗೇ ಮಿರುಗುತ್ತಿತ್ತು. ಒನಕೆ ಜಾರಿತು. ಕ್ಲಚ್ಚು ಟಪ್ಪನೆ ಮೇಲಕ್ಕೆ ಹಾರಿತು. ಮೋಟಾರು ಕಣ್ಣಿ ಕಿತ್ತ ಹೋರಿಗರುವಿನಂತೆ ನೆಗೆಯಿತು. ಬೀರಯ್ಯ ಒಂದು ಕಡೆ ಹಾರಿದ, ತೌಡಿನ ಗಂಟು ಒಂದು ಕಡೆ. ಮುದ್ದಯ್ಯ ಬ್ರೇಕಿಗೆಂದು ಕಾಲು ಹಾಕಿದರೆ ಆ ಕಾಲಿನಲ್ಲೂ ಎಣ್ಣೆ. ಮೋಟಾರು ಗೋಡೆಯ ಮುರುಕಿನಲ್ಲಿ ನುಗ್ಗಿ, ಮುತ್ತಮ್ಮನ ಬೆರಣಿಯ ಗೋಪುರದೊಳಕ್ಕೆ ಮುಕ್ಕಾಲು ಭಾಗ ಹೊಕ್ಕು, ಅಲ್ಲಿ ಉಸಿರು ನಿಲ್ಲಿಸಿತು.

ಬೆರಣಿಯ ರಾಶಿಯಲ್ಲಿ ಹುದುಗಿದ ಮೋಟಾರು ಮೊಟ್ಟೆಗೆ ಕೂತ ಕೋಳಿಯಂತೆ ಕಂಡಿತು. ಒಳಗಿನಿಂದ ಕರಿಯಯ್ಯ ಮುರಿದ ಒನಕೆಯ ಎರಡು ತುಂಡುಗಳನ್ನು ಹಿಡಿದುಕೊಂಡು ಈಚೆಗೆ ಬಂದ.

"ನಮ್ಮತ್ತೆ ಸತ್ತಾಗ್ಲೂ ನಂಗೆ ಇಷ್ಟು ಸಂಕಟ ಆಗ್ಲಿಲ್ಲ," ಎಂದಳು ಮುತ್ತಮ್ಮ.

"ನಾನು ಮದ್ದು ಮಾಡಿದ್ದೆ. ನಡೀತಲ್ಲ?" ಎಂದ ಬೀರಯ್ಯ, ಮೇಲೇಳುತ್ತಾ.

"ನಿನ್ ಮದ್ದಿಂದ್ಲೇ ನಡ್ದಿದ್ದು," ಎಂದ ಕರಿಯಯ್ಯ.

ಗೌಡರು ಜಗಲಿಯ ಮೇಲಿನಿಂದಲೇ ನೋಡಿದರು. ಬಯ್ಯಲಿಲ್ಲ. "ಎತ್ತು ಕಟ್ಕೊಂಡ್ ಬಾ, ಈಚೀಗ್ ಎಳಿ," ಎಂದಷ್ಟೇ ಹೇಳಿ ಒಳಗೆ ಹೋದರು. ಬೈಗುಳವನ್ನಾದರೂ ಮುದ್ದಯ್ಯ ತಡೆದುಕೊಳ್ಳುತ್ತಿದ್ದ. ಹಟ್ಟಿಯಿಂದ ಕೆಂದ, ಮಾಸ ಎಂಬ ಎರಡು ಎತ್ತುಗಳನ್ನು ಹೊಡೆದುಕೊಂಡು ಬಂದ. ಅವನು ಗಾಡಿ ಹೊಡೆಯುತ್ತಿದ್ದಾಗಿನ ಜೋಡಿ ಅವೇ. ಕೆಂದ ಅವನನ್ನು ಮೂಸಿ, ಬಹಳ ದಿನದ ಮೇಲೆ ಬಂದ ನೆಂಟನನ್ನು ಕಂಡಂತೆ ಖಾಕಿ ಕೋಟಿನ ತೋಳನ್ನು ನೆಕ್ಕಿತು.

"ಲೇ, ಸುಮ್ಕಿರ್ಲಾ. ನಾನು ವಾಪಸ್ ಬಂದಿಲ್ಲ," ಎಂದ ಮುದ್ದಯ್ಯ.

ಮೋಟಾರು ಈಚೆಗೆ ಬಂತು. ಮುತ್ತಮ್ಮ ಬೆರಣಿ ಆಯತೊಡಗಿದಳು, ಉಳಿದವರು ಊಟಕ್ಕೆ ಹೋದರು. ಮುದ್ದಯ್ಯನಿಗೆ ಅನ್ನದ ನೆನಪೇ ಬರಲಿಲ್ಲ. ಬಿಸಿಲು ಆಗಲೇ ಪಡುವಲಿಗೆ ವಾಲಿತ್ತು. ಕಾಲ ಕೆಳಗಿನ ಹಲಗೆಗಳನ್ನು ನೋಡಿದ. ಕೈ ಹಚ್ಚಬೇಡಿ ಎಂದಿದ್ದ ಮಿಸ್ತ್ರಿ ಮೈಸೂರಿನಲ್ಲಿದ್ದಾನೆ. ಟೋಪಿ ಇಲ್ಲಿದೆ. ಬರುವುದು ಬರಲಿ ಎಂದು ಬಿರಡೆ ತಿರುಗಿಸಿ ಹಲಗೆಗಳನ್ನು ಎತ್ತಿಯೇಬಿಟ್ಟ.

ಬಗ್ಗಿ ನೋಡಿದವನು ಹಾಗೇ ಕೂತುಬಿಟ್ಟ.

ಕ್ಲಚ್ಚಿನ ಕಬ್ಬಿಣದ ಕಾಲಿಗೂ ಪಕ್ಕದಲ್ಲಿ ಅಲುಗಾಡದೆ ನಿಂತ ಇನ್ನೊಂದು ಕಬ್ಬಿಣದ ಪಟ್ಟಿಗೂ ಸೇರಿಸಿ, ಕಂಬಳಿ ಉಣ್ಣೆಯ ಕರಿ ಹಗ್ಗವೊಂದನ್ನು ಸುತ್ತಿ ಸುತ್ತಿ ಬಿಗಿದು ಕಟ್ಟಲಾಗಿತ್ತು. ಬೇರೆಯವರ ಹೊಲಕ್ಕೆ ನುಗ್ಗುವ ತುಡುಗು ದನವನ್ನು ಮೇಯಲು ಬಿಡುವಾಗ, ಓಡದಿರಲೆಂದು ಎರಡು ಕಾಲು ಸೇರಿಸಿ ಕಟ್ಟುತ್ತಾರಲ್ಲ, ಅದೇ ಕಟ್ಟು, ಅದೇ ಗಂಟು. ಗಂಟಿನ ನಡುವೆ ಒಂದು ತಾಯಿತ, ಅದಕ್ಕೆ ಅರಿಸಿನ ಬೇರೆ. ತುಳಿದಾಗಲೆಲ್ಲ ಉಣ್ಣೆಯ ಹಗ್ಗ ಒಂದಿಷ್ಟು ಹಿಗ್ಗುತ್ತಿತ್ತು, ಬಿಟ್ಟರೆ ಕಾಲನ್ನು ಹಿಂದಕ್ಕೆ ಒಗೆಯುತ್ತಿತ್ತು. ಹೊಸ ಕ್ಲಚ್ಚಿನ ತಪ್ಪು ಎಳ್ಳಷ್ಟೂ ಇರಲಿಲ್ಲ.

"ಯಾವ ಮಾರಾಯ್ತಿ ಕೆಲ್ಸವೋ ಇದು," ಎಂದುಕೊಂಡ ಮುದ್ದಯ್ಯ. ಅವನ ಅನುಮಾನ ಮುತ್ತಮ್ಮನ ಮೇಲೆ ಹೋಯಿತು. ಆದರೆ ಅವಳ ಬೆರಣಿ ಗೂಡು, ಅವಳ ಒನಕೆ ಎರಡನ್ನೂ ಮುರಿದ ದಿನ ಅವಳನ್ನು ಕೇಳಲು ಹೋಗುವವನು ಯಾರು? ಕುಡುಗೋಲಿನಿಂದ ಹಗ್ಗವನ್ನು ಕೊಯ್ದ. ತಾಯಿತ ಇದ್ದದ್ದರಿಂದ ಅದನ್ನು ಬಿಸಾಡಲು ಭಯವಾಗಿ ಕೋಟಿನ ಜೇಬಿಗೆ ಹಾಕಿಕೊಂಡ. ಹಲಗೆ ಮುಚ್ಚಿ, ಎಣ್ಣೆಯನ್ನೆಲ್ಲ ಬೂದಿ ಹಾಕಿ ಒರೆಸಿ, ಉಸಿರು ಹಿಡಿದು ತುಳಿದ.

ನೀರು ಕಟ್ಟಿ ಹದ ಮಾಡಿದ ಗದ್ದೆಯೊಳಗೆ ಕಾಲಿಟ್ಟ ಹಾಗೆ ಕ್ಲಚ್ಚು ಮೆತ್ತಗೆ ಇಳಿಯಿತು. ಮತ್ತೆ ತುಳಿದ, ಮತ್ತೆ ಇಳಿಯಿತು. ಮುದ್ದಯ್ಯನ ಕಣ್ಣಲ್ಲಿ ನೀರು ಬಂತು. ಟೋಪಿ ತೆಗೆದು ಅದಕ್ಕೆ ಅಂಟಿದ್ದ ಬೆರಣಿ ಚೂರನ್ನು ಒರೆಸಿ, ಮತ್ತೆ ಹಾಕಿಕೊಂಡು ಕೂಗಿದ:

"ಬುದ್ದಿ, ಬನ್ನಿ. ಬೆಣ್ಣೆ ಆಗದೆ, ಬೆಣ್ಣೆ. ಮಗು ತುಳುದ್ರೂ ಇಳೀತದೆ."

ಗೌಡರು ಬೀಗರ ಮನೆಗೆ ತಕ್ಕಂತೆ ಕಪ್ಪು ಕೋಟು, ಜರಿ ರುಮಾಲು ತೊಟ್ಟು ಹೊರಗೆ ಬಂದರು. "ಇಳಿ, ನೋಡ್ತೀನಿ," ಎಂದು ತಾವೇ ಒಳಗೆ ಕೂತು ನೋಯುವ ಎಡಗಾಲನ್ನು ಮೆಲ್ಲಗೆ ಕ್ಲಚ್ಚಿನ ಮೇಲಿಟ್ಟರು. ಅದು ಇಳಿಯಿತು. ಗೌಡರ ಮುಖ ಅರಳಿತು.

"ಶಬಾಸ್ ಕಣ್ಲಾ ಮುದ್ದ. ನಿಜ ಏಳ್ಬುಡ್ತೀನಿ. ಬೆಳಗಿನ ಜಾವ ಯಾರೂ ಏಳೋಕ್ ಮುಂಚೆ ಬಂದು ನಾನೇ ತುಳಿದ್ ನೋಡಿದ್ದೆ. ಮಂಡಿ ಕಳಚ್ಕೊಂಡಂಗಾಯ್ತು. ಬದು ಅಂತ ಅವ್ವುಂಗೆ ಸುಳ್ಳೇಳ್ದೆ."

"ನೀವ್ಯಾಕೆ ತುಳಿಯಾಕೋದ್ರಿ ಬುದ್ದಿ?"

"ಇನ್ನೇನ್ ಮತ್ತೆ? ಕ್ಲಚ್ಚು ಸುಟ್ಟೋನು ನಾನೇ ಅಂತ ಬೀಗ್ರಿಗೆ ಗುಮಾನಿ. ನಾನೇ ಓಡಿಸ್ಕೊಂಡು ಓಗಿ ಅವ್ರ ಬಾಗ್ಲಲ್ಲಿ ನಿಲ್ಲಿಸಿದ್ರೆ ಬಾಯಿ ಮುಚ್ಕೊಂಡಾರು. ಈ ಬಿಗಿಯಲ್ಲಿ ಆಗದಿಲ್ಲ, ನಿಂಗೇ ಬುಟ್ಬುಡೋದು ಅಂತ ಆಸೆ ಕೈ ಬುಟ್ಟಿದ್ದೆ. ನೀನು ನನ್ ಕಾಲಿಗೆ ತಕ್ಕಂಗೆ ಮಾಡ್ಕೊಟ್ಟೆ ನೋಡು. ಇನ್ನು ಮೇಲೆ ನಾನೇ ಬುಡ್ತೀನಿ. ಎಲ್ಲಿ, ಹ್ಯಾಂಡ್ಲು ತಿರುಗ್ಸು."

ಮುದ್ದಯ್ಯ ತಿರುಗಿಸಿದ. ಮೋಟಾರು ಒಂದೇ ಏಟಿಗೆ ಶುರುವಾಯಿತು. ಅದಕ್ಕೂ ಯಾಕೋ ಅವಸರವಾಗಿತ್ತು.

"ಅಂಗಾರೆ ನಾನು ಬುದ್ದಿ?"

"ನೀನು ಗಾಡಿ ಕಟ್ಕೊಂಡು ಇಂದ್ಗಡೆ ಬಾ. ಏರಿ ಮೇಲೆ ಎಲ್ಲಾರ ನಿಂತ್ರೆ ಮತ್ತೆ ಅವರೆತ್ತು ಕೇಳಾಕಾಯ್ತದಾ? ನಮ್ಮೆತ್ತೇ ಇರ್ಲಿ." ಗೌಡರು ಕೈ ಚಾಚಿದರು. "ಆ ಟೋಪಿ ಕೊಡು ಇಲ್ಲಿ. ಗಾಳಿಗೆ ರುಮಾಲು ನಿಲ್ಲಾಕಿಲ್ಲ."

ಜರಿ ರುಮಾಲು ಹಿಂದಿನ ಸೀಟಿಗೆ ಹೋಯಿತು. ಖಾಕಿ ಟೋಪಿ ಗೌಡರ ತಲೆಗೆ ಹೇಳಿ ಮಾಡಿಸಿದಂತೆ ಕೂತಿತು. ಮೋಟಾರು ಎರಡು ಸಲ ಮುಗ್ಗರಿಸಿ, ಮುತ್ತಮ್ಮ ಆಗತಾನೆ ಆಯ್ದಿಟ್ಟಿದ್ದ ಬೆರಣಿಯ ಮೇಲೆ ಒಂದು ಚಕ್ರ ಹಾಯಿಸಿ, ತೊಣ್ಣೂರಿನ ದಾರಿ ಹಿಡಿಯಿತು. 'ಪೋಂ ಪೋಂ' ಎನ್ನುವುದು ಬಹಳ ದೂರದ ತನಕ ಕೇಳುತ್ತಿತ್ತು.

ಮುದ್ದಯ್ಯ ಬರಿದಲೆಯಲ್ಲಿ ಗಾಡಿ ಕಟ್ಟಿದ. ಮೂಕಿ ಎತ್ತಿದೊಡನೆ ಕೆಂದ ತಾನಾಗಿಯೇ ನೊಗಕ್ಕೆ ಕತ್ತು ಕೊಟ್ಟಿತು. ಹಿಂದಿನಿಂದ ಚಿಕ್ಕಬೋರಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಗಾಡಿ ಹತ್ತಿ ಕೂತರು.

"ನೀವು ಮೋಟ್ರಲ್ಲಿ ಓಗ್ಲಿಲ್ವಾ ಅವ್ವಾರೆ?"

"ನನ್ ಮಗ ಓಡ್ಸೋ ಮೋಟ್ರಿಗೆ ನಾನು ಅತ್ತಕಿಲ್ಲ ಕಣಪ್ಪ, ನಂಗಿನ್ನೂ ಮೊಮ್ಮಕ್ಕಳ ಮದ್ವೆ ನೋಡೋದದೆ," ಎಂದರು ಮುದುಕಿ. ಸ್ವಲ್ಪ ದೂರ ಗಾಡಿ ಹೋದ ಮೇಲೆ ಕೇಳಿದರು: "ಅಲ್ಲಾ ಕಣ್ ಮುದ್ದ, ಆ ಕಾಲಿಗೊಂದು ಕರಿ ಅಗ್ಗ ಇತ್ತಲ್ಲ, ಅದು ಎಲ್ಲಿ?"

ಮುದ್ದಯ್ಯ ಬಾರುಕೋಲನ್ನು ಹಾಗೇ ಹಿಡಿದು ಹಿಂದಕ್ಕೆ ತಿರುಗಿದ. "ನಿಮ್ಗೆಂಗ್ ಗೊತ್ತು?"

"ಕಟ್ಟಿದ್ದೇ ನಾನಲ್ವಾ? ನೆನ್ನೆ ಆ ಮಿಸ್ತ್ರಿ ಉಣ್ಣಾಕ್ ಕೂತಿದ್ನಲ್ಲ, ಅಲಗೆ ತೆಗೆದಂಗೇ ಇತ್ತು. ಮನೆದೇವ್ರ ತಾಯಿತ ಇಟ್ಟು ಬಿಗಿದು ಕಟ್ದೆ. ಅವ್ನು ರೈಲಿನ್ ಅವಸರದಲ್ಲಿ ಬಗ್ಗಿ ನೋಡ್ದೇನೇ ಅಲಗೆ ಮುಚ್ದ. ನನ್ ಮಗ ತಾನೇ ಓಡಿಸ್ತೀನಿ ಅಂತ ದಿನಾ ರಾತ್ರಿಯೆಲ್ಲ ನಿದ್ದೇಲಿ ಕಾಲು ಒದೀತಾ ಇದ್ದ ಕಣೋ, ನೋಡಿ ನೋಡಿ ಎದೆ ಒಡ್ದೋಯ್ತು. ಅವ್ನ ಮಂಡಿಗೆ ಬಗ್ಗಬಾರ್ದು, ನಿನ್ನಂತ ಗಟ್ಟಿ ಆಳಿಗೆ ಮಾತ್ರ ಬಗ್ಬೇಕು, ಮೋಟ್ರು ನಿನ್ ಕೈಲೇ ಇರ್ಲಿ ಅಂತ ಕಟ್ಟಿದ್ದು. ಇವತ್ತೊಂದಿನ ತಡ್ಕೊಂಡು ತುಳಿ, ಅದು ನಿನ್ ಒಳ್ಳೇದಕ್ಕೇ ಅಂತ ಏಳಾಕೆ ಬೆಳಿಗ್ಗೆಯಿಂದ ಬಡ್ಕೊಂಡೆ. ನೀನು ನನ್ನ ಅತ್ರಕ್ಕಾದ್ರೂ ಬುಟ್ಕೊಂಡ್ಯಾ?"

ಮುದ್ದಯ್ಯ ಅಭ್ಯಾಸಬಲದಿಂದ ಟೋಪಿ ಸರಿಮಾಡಿಕೊಳ್ಳಲು ಕೈಯೆತ್ತಿದ. ಬರಿಯ ಕೂದಲು ಸಿಕ್ಕಿತು. ಮೆಲ್ಲಗೆ ಜೇಬಿಗೆ ಕೈ ಹಾಕಿ, ಕೊಯ್ದ ಕರಿ ಹಗ್ಗವನ್ನು ತೆಗೆದು ಮುದುಕಿಯ ಮುಂದೆ ಹಿಡಿದ.

ಚಿಕ್ಕಬೋರಮ್ಮ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ತಾಯಿತವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಅವನಿಗೇ ವಾಪಸು ಕೊಟ್ಟರು.

"ನಿಲ್ಸು ಗಾಡಿಯ. ಇಳಿದು ಇದನ್ನ ಕೆಂದನ ಕಾಲಿಗಾದ್ರೂ ಕಟ್ಲಾ," ಎಂದರು. "ನಾಳೆ ಅವ್ನು ಗಾಡೀನೂ ನಾನೇ ಒಡೀತೀನಿ ಅಂದ್ರೆ ನೀ ಎಲ್ಗೋದೀಯೆ?"